ಕೊಡಗಿಂದ ಲಂಡನ್‌ಗೆ ಹೋದ್ರೆ ಬೆಲ್ಗ್ರೇವ್ ಸ್ಕ್ವೇರ್ ನೋಡೋದು ಹೇಗೆ

ಮಕ್ಕಳ ಕಾನ್ವೊಕೇಶನ್ ಅಂತ ಮಡಿಕೇರಿ, ವಿರಾಜಪೇಟೆ ಕಡೆಯಿಂದ ಲಂಡನ್‌ಗೆ ಹೋಗೋ ಅಪ್ಪ ಅಮ್ಮಂದಿರು ಬಿಗ್ ಬೆನ್ ಮುಂದೆ ಫೋಟೋ ಹೊಡ್ಸ್ಕೊಂಡು ವಾಪಸ್ ಬಂದ್ಬಿಡ್ತಾರೆ. ಒಂದು ಬೆಳಿಗ್ಗೆ ಬಿಡುವಿದ್ರೆ ಬೆಲ್ಗ್ರೇವ್ ಸ್ಕ್ವೇರ್ ಇರೋ ಬೆಲ್ಗ್ರೇವಿಯಾ ಏರಿಯಾ ನಡೆದು ನೋಡಿ, ಟಿಕೆಟ್ ಇಲ್ಲ, ಗೈಡೂ ಬೇಡ. ಛತ್ರಿ ಇರ್ಲಿ, ಅಲ್ಲಿನ ಮಳೆ ನಮಗೆ ಮಳೆನೇ ಅಲ್ಲ ಬಿಡಿ.

ಟ್ಯೂಬ್ ಅಂದ್ರೆ ಅಲ್ಲಿನ ಮೆಟ್ರೋ ರೈಲಿನ ಪಿಕಾಡಿಲಿ ಲೈನಲ್ಲಿ ಹೈಡ್ ಪಾರ್ಕ್ ಕಾರ್ನರ್‌ಗೆ ಇಳಿದು ಗ್ರೋವ್‌ನರ್ ಕ್ರೆಸೆಂಟ್ ಹಿಡೀರಿ, ನೇರ ಸ್ಕ್ವೇರ್‌ಗೇ ಹೋಗುತ್ತೆ. ಬಾತ್‌ರೂಮ್ ಕೆಲಸ ರೂಮಲ್ಲೇ ಮುಗಿಸ್ಕೊಂಡು ಹೊರಡಿ. ಸ್ಕ್ವೇರ್ ನಡುವೆ ದೊಡ್ಡ ಗಾರ್ಡನ್ ಇದೆ, ಗೇಟಿಗೆ ಬೀಗ, ಯಾರಂದ್ರೆ ಅವರನ್ನ ಒಳಗೆ ಬಿಡಲ್ಲ. ಜೂನಲ್ಲಿ ಲಂಡನ್ ಓಪನ್ ಗಾರ್ಡನ್ಸ್ ಅಂತ ಒಂದು ವೀಕೆಂಡ್ ಇಂಥ ಎಷ್ಟೋ ಗಾರ್ಡನ್ ತೆಗೀತಾರೆ, ಆಗ ಹೋಗೋರು ಲಿಸ್ಟಲ್ಲಿ ಇದಿದ್ಯಾ ನೋಡ್ಕೊಳ್ಳಿ, ಅದಕ್ಕೆ ಮಾತ್ರ ಟಿಕೆಟ್ ಬೇಕು.

ಈಗ ಮನೆಗಳು. ದೂರದಿಂದ ಬಿಳಿ ಕಲ್ಲು ಅನ್ಸುತ್ತೆ, ಹತ್ರ ಹೋಗಿ ನೋಡಿ, ಇಟ್ಟಿಗೆ ಗೋಡೆಗೆ ಗಾರೆ ಮೆತ್ತಿ ಬಣ್ಣ ಹೊಡೆದಿರೋದು. ಕಂಬದ ಮೇಲೆ ಕಪ್ಪು ಬಣ್ಣದಲ್ಲಿ ಮನೆ ನಂಬರ್, ಕಂಬಿ ಆಚೆ ಕೆಳಗೆ ಇಳಿಯೋ ಮೆಟ್ಟಿಲು, ಆಳುಗಳು ಓಡಾಡ್ತಿದ್ದದ್ದು ಅದ್ರಲ್ಲೇ. ಫುಟ್‌ಪಾತಲ್ಲಿ ದುಂಡಗಿನ ಕಬ್ಬಿಣದ ಮುಚ್ಚಳ ಕಂಡ್ರೆ ಅದು ಕಲ್ಲಿದ್ದಲು ಸುರಿಯೋ ತೂತು, ಕಲ್ಲಿದ್ದಲಿನವನು ಮನೆಯೊಳಗೆ ಕಾಲಿಡ್ಲೇಬಾರ್ದು ಅಂತ! ಇದೆಲ್ಲ ಮೊದ್ಲು ಜೌಗು ನೆಲ, 1820ರ ದಶಕದಲ್ಲಿ ಥಾಮಸ್ ಕ್ಯೂಬಿಟ್ ಅನ್ನೋ ಬಿಲ್ಡರ್ ನೀರು ಬಸಿದು ಮಣ್ಣು ತುಂಬಿ ಕಟ್ಟಿದ್ದು. ನೆಲ ಗ್ರೋವ್‌ನರ್ ಮನೆತನದ್ದು, ಕೋಟಿಗಟ್ಲೆ ಕೊಟ್ರೂ ಎಷ್ಟೋ ಮನೆ ಲೀಸಿಗಷ್ಟೇ ಸಿಗೋದು. ಬಾಣೆ (ಗದ್ದೆಗೆ ಸೇರಿದ ಕಾಡು ಜಮೀನು) ನಮ್ದು, ಮರ ಸರ್ಕಾರದ್ದು ಅಂತ ಒದ್ದಾಡಿರೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಈಗ ಜರ್ಮನಿ, ನಾರ್ವೆ, ಪೋರ್ಚುಗಲ್ ಎಂಬಸಿಗಳೆಲ್ಲ ಇಲ್ಲೇ, ಕಾವಲಿನವರ ಕಡೆ ಮೊಬೈಲ್ ಹಿಡೀಬೇಡಿ.

ಪಕ್ಕದ ವಿಲ್ಟನ್ ಕ್ರೆಸೆಂಟ್‌ನ 2ನೇ ನಂಬರಲ್ಲಿ ಮೌಂಟ್‌ಬ್ಯಾಟನ್ ಇದ್ರು ಅಂತ ನೀಲಿ ಫಲಕ ಇದೆ. ನೋಡ್ಕೊಂಡು ಸ್ಕ್ವೇರ್‌ಗೆ ವಾಪಸ್ ಬಂದು ಅಪ್ಪರ್ ಬೆಲ್ಗ್ರೇವ್ ಸ್ಟ್ರೀಟಲ್ಲಿ ಇಳಿದ್ರೆ ಸೇಂಟ್ ಪೀಟರ್ಸ್ ಚರ್ಚು, ಅಲ್ಲಿಂದ ಉದ್ದಕ್ಕೂ ಈಟನ್ ಸ್ಕ್ವೇರ್. 37ನೇ ನಂಬರ್ ಮನೇಲಿ ಆಮೇಲೆ ಬ್ರಿಟನ್ ಪ್ರಧಾನಿ ಆದ ಚೇಂಬರ್ಲೇನ್ ಇದ್ರು, 54ನೇ ನಂಬರಲ್ಲಿ ಡಾರ್ಜಿಲಿಂಗಲ್ಲಿ ಹುಟ್ಟಿದ ನಟಿ ವಿವಿಯನ್ ಲೀ. ನನಗೆ ಬೆಲ್ಗ್ರೇವ್‌ಗಿಂತ ಇದೇ ಇಷ್ಟ, ಎಂಬಸಿ ಗಲಾಟೆ ಕಡಿಮೆ.

ಹಾಗೇ ಮುಂದೆ ನಡೆದ್ರೆ ಸ್ಲೋನ್ ಸ್ಕ್ವೇರ್ ಸ್ಟೇಷನ್. ಕೊಡಗಿನವರು ಇಲ್ಲಿಗೇ ನಿಲ್ಲಿಸ್ಬೇಡಿ. ವಿಂಬಲ್ಡನ್ ಕಡೆ ಹೋಗೋ ಡಿಸ್ಟ್ರಿಕ್ಟ್ ಲೈನ್ ಹತ್ತಿ ವೆಸ್ಟ್ ಬ್ರಾಂಪ್ಟನಲ್ಲಿ ಇಳೀರಿ, ಪಕ್ಕದಲ್ಲೇ ಬ್ರಾಂಪ್ಟನ್ ಸಿಮೆಟರಿ. 1834ರಲ್ಲಿ ರಾಜ್ಯ ಕಳ್ಕೊಂಡ ಚಿಕ್ಕವೀರರಾಜೇಂದ್ರನ ಮಗಳು, ವಿಕ್ಟೋರಿಯಾ ರಾಣಿ ಗಾಡ್‌ಮದರ್ ಆಗಿದ್ದ ಗೌರಮ್ಮನ ಸಮಾಧಿ ಅಲ್ಲಿದೆ, 1864ರಲ್ಲಿ ತೀರ್ಕೊಂಡ್ಳು. ಜಾಗ ಸುಮಾರು 39 ಎಕರೆ, ಸುಮ್ನೆ ಹುಡುಕ್ತಾ ಹೋದ್ರೆ ಸಿಗಲ್ಲ, ಅಲ್ಲಿರೋ ಸಿಬ್ಬಂದಿನ ಕೇಳಿ. ಚಳಿಗಾಲದಲ್ಲಿ ಗೇಟ್ ಬೇಗ ಹಾಕ್ತಾರೆ, ಮಧ್ಯಾಹ್ನದ ಊಟ ಮುಗಿದ ತಕ್ಷಣ ಹೋಗ್ಬಿಡಿ.