ಉದ್ರಿ ಪುಸ್ತಕವನ್ನು ಮ್ಯಾಂಚೆಸ್ಟರ್‌ನಲ್ಲಿ ಓದಿದ್ದು

2021ರ ಸೆಪ್ಟೆಂಬರಿನಲ್ಲಿ ನಾನು ಮ್ಯಾಂಚೆಸ್ಟರ್‌ಗೆ ಹೊರಟಿದ್ದು ಕಂಪ್ಯೂಟರ್ ವಿಜ್ಞಾನ ಮತ್ತು ವ್ಯವಹಾರ ನಿರ್ವಹಣೆ ಎರಡನ್ನೂ ಒಟ್ಟಿಗೆ ಕಲಿಸುವ ಮೂರು ವರ್ಷಗಳ ಪದವಿಗಾಗಿ. ನಮ್ಮದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಅಪ್ಪನಿಗೆ, ವ್ಯಾಪಾರ ಕಲಿಯಲು ಅಷ್ಟು ದೂರ ಹೋಗಬೇಕೇ ಎಂಬ ಪ್ರಶ್ನೆ ಇತ್ತು. ಅವರು ಅದನ್ನು ಒಮ್ಮೆ ಕೇಳಿದರು, ಮತ್ತೆ ಕೇಳಲಿಲ್ಲ.

ವ್ಯವಹಾರದ ಮೊದಲ ಪಾಠ ವೀಸಾ ಅರ್ಜಿಯಲ್ಲೇ ಸಿಕ್ಕಿತು. ಲಂಡನ್ನಿನ ಹೊರಗೆ ಓದುವವರು ಆಗ ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಜೀವನವೆಚ್ಚವನ್ನೂ ಮೊದಲ ವರ್ಷದ ಬಾಕಿ ಶುಲ್ಕವನ್ನೂ ಖಾತೆಯಲ್ಲಿ ಸತತ 28 ದಿನ ಇಟ್ಟು ತೋರಿಸಬೇಕಿತ್ತು. ಶುಲ್ಕಕ್ಕೆ ಶೈಕ್ಷಣಿಕ ಸಾಲ ದೊರೆಯಿತು. ಜೀವನವೆಚ್ಚದ ಹಣ ಮಾತ್ರ ಅಂಗಡಿಯ ಖಾತೆಯಿಂದಲೇ ಬರಬೇಕಾಗಿತ್ತು, ಅದೂ ವರಮಹಾಲಕ್ಷ್ಮಿ ಹಬ್ಬಕ್ಕೆ ಮಾಲು ತರಿಸಬೇಕಾದ ಜುಲೈ ತಿಂಗಳಿನಲ್ಲಿ. ಅಪ್ಪ ಸಗಟು ವ್ಯಾಪಾರಿಗಳ ಬಳಿ ಒಂದು ತಿಂಗಳ ಗಡುವು ಕೇಳಿ ಪಡೆದರು. ದಿನನಿತ್ಯದ ವ್ಯಾಪಾರ ನಡೆಸಲು ಕೈಯಲ್ಲಿರಬೇಕಾದ ಹಣಕ್ಕೆ ಹೇಳುವ ‘ದುಡಿಯುವ ಬಂಡವಾಳ’ ಎಂಬ ಪದವನ್ನು ಮುಂದೆ ತರಗತಿಯಲ್ಲಿ ಕೇಳಿದಾಗ ನನಗೆ ನೆನಪಾದದ್ದು ಆ 28 ದಿನಗಳೇ. ಆರೋಗ್ಯ ಸೇವೆಗೆಂದು ಆಗ ವರ್ಷಕ್ಕೆ 470 ಪೌಂಡ್, ಕ್ಷಯರೋಗದ ತಪಾಸಣೆ, ವೀಸಾ ಶುಲ್ಕ ಇವೆಲ್ಲ ಬೇರೆ. ಹೋಗಬಯಸುವವರು ಇವನ್ನು ಶುಲ್ಕದ ಜೊತೆಗೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಒಂದು ಸಂಸ್ಥೆ ಯಾವ ವ್ಯವಸ್ಥೆಯನ್ನು ಕೊಳ್ಳಬೇಕು ಎಂಬುದರ ಬಗ್ಗೆ ಅಲ್ಲಿ ಬರೆದ ಮೊದಲ ವರದಿಗೆ ನನಗೆ ನೂರಕ್ಕೆ 46 ಬಂತು. ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದವರಿಗೆ ಅದನ್ನು ನೋಡಿ ಕೈಕಾಲು ತಣ್ಣಗಾಗುತ್ತದೆ. ಅಲ್ಲಿ 40 ಬಂದರೆ ಉತ್ತೀರ್ಣ ಎಂಬುದೂ, 70 ದಾಟಿದರೆ ಪ್ರಥಮ ದರ್ಜೆ ಎಂಬುದೂ ಗೊತ್ತಿದ್ದರೂ ಸಮಾಧಾನವಾಗಲಿಲ್ಲ. ನಾನು ಓದಿದ್ದನ್ನೆಲ್ಲ ಕ್ರಮವಾಗಿ ಬರೆದಿದ್ದೆ, ಮೂಲಗಳನ್ನು ಹೆಸರಿಸಿದ್ದೆ, ಆದರೆ ಯಾವ ವ್ಯವಸ್ಥೆಯನ್ನು ಆ ಸಂಸ್ಥೆ ಕೊಳ್ಳಬೇಕು, ಏಕೆ ಎಂಬುದನ್ನು ಎಲ್ಲಿಯೂ ಹೇಳಿರಲಿಲ್ಲ. ತಿಳಿದದ್ದನ್ನು ಒಪ್ಪಿಸುವುದೇ ಉತ್ತರ ಎಂದುಕೊಂಡು ಹನ್ನೆರಡು ವರ್ಷ ಓದಿ ಬಂದ ಅಭ್ಯಾಸವದು. ಅದನ್ನು ಬಿಡಲು ನನಗೆ ಒಂದು ಪೂರ್ತಿ ವರ್ಷ ಹಿಡಿಯಿತು.

ಎರಡು ವಿಷಯಗಳನ್ನು ನಾನು ಬಹಳ ದಿನ ಬೇರೆ ಬೇರೆಯಾಗಿಯೇ ಓದಿದೆ. ಅವು ಒಂದಾದದ್ದು ಎರಡನೇ ವರ್ಷದ ಡೇಟಾಬೇಸ್ ಯೋಜನೆಯಲ್ಲಿ. ನಾನು ನಮ್ಮ ಅಂಗಡಿಯ ಉದ್ರಿ ಪುಸ್ತಕವನ್ನೇ ಆರಿಸಿಕೊಂಡೆ. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಮಾದರಿಯಂತೆ ಗಿರಾಕಿಗಳಿಗೆಲ್ಲ ಒಂದು ಕೋಷ್ಟಕ, ಸೀರೆಗಳಿಗೆಲ್ಲ ಒಂದು ಕೋಷ್ಟಕ ಮಾಡಿ, ಗಿರಾಕಿಯ ಸಾಲಿನಲ್ಲಿಯೇ ‘ಬಾಕಿ’ ಎಂಬ ಅಂಕಣವನ್ನಿಟ್ಟು, ಹಣ ಬಂದಾಗಲೆಲ್ಲ ಆ ಸಂಖ್ಯೆಯನ್ನು ಬದಲಿಸುವಂತೆ ಬರೆದಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು. ಅಧ್ಯಾಪಕರು ಒಂದೇ ಪ್ರಶ್ನೆ ಕೇಳಿದರು: ಗಿರಾಕಿ ಈ ಮೊತ್ತವನ್ನು ಒಪ್ಪದಿದ್ದರೆ ಏನು ತೋರಿಸುತ್ತೀರಿ?

ಆ ದಿನ ಅಪ್ಪನಿಗೆ ಫೋನ್ ಮಾಡಿದೆ. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರ, ನನ್ನ ಸಂಜೆ ನಾಲ್ಕೂವರೆಗೆ ಅವರು ಒಂಬತ್ತರ ಹೊತ್ತಿಗೆ ಷಟರ್ ಎಳೆದು ಲೆಕ್ಕಕ್ಕೆ ಕೂರುತ್ತಿದ್ದರು. ಅವರು ಹಳೆಯ ಪುಟವೊಂದನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದರು. 4,200 ರೂಪಾಯಿಯ ಸೀರೆ, ಮೂರು ಕಂತು, ಎರಡನೆಯದನ್ನು ಗಿರಾಕಿಯ ತಮ್ಮ ತಂದುಕೊಟ್ಟಿದ್ದ, ನಡುವೆ ವಾಪಸಾದ ಒಂದು ಬ್ಲೌಸ್ ಪೀಸ್. ಎಲ್ಲಕ್ಕೂ ತಾರೀಖಿನ ಸಮೇತ ಒಂದೊಂದು ಸಾಲು. ಒಂದು ಕಡೆಯೂ ಅಳಿಸಿದ ಗುರುತಿಲ್ಲ. “ತಪ್ಪಾಗಿದ್ರೂ ಅಳಿಸಬಾರದಮ್ಮಾ, ಕೆಳಗೆ ಇನ್ನೊಂದು ಸಾಲು ಬರೀಬೇಕು. ಬಾಕಿ ಅನ್ನೋದು ಬರೆದಿಡೋದಲ್ಲ, ಕೂಡಿ ಕಳೆದು ತೆಗೆಯೋದು,” ಎಂದರು.

ಅದೇ ವಾರ ಲೆಕ್ಕಶಾಸ್ತ್ರದ ತರಗತಿಯಲ್ಲಿ, 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿಯ ಗ್ರಂಥ ವಿವರಿಸುವ, ಪ್ರತಿ ವಹಿವಾಟನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಕಲಿಸುತ್ತಿದ್ದರು. ಅಲ್ಲಿಯೂ ಬಾಕಿ ಎಂಬುದು ನಮೂದುಗಳನ್ನು ಕೂಡಿ ಕಳೆದು ತೆಗೆಯುವುದೇ. ನಾನು ಬಾಕಿಯ ಅಂಕಣವನ್ನು ತೆಗೆದುಹಾಕಿ, ಪ್ರತಿ ವಹಿವಾಟಿಗೂ ಒಂದು ಸಾಲು ಸೇರುವ, ಯಾವ ಸಾಲನ್ನೂ ತಿದ್ದಲಾಗದ ಕೋಷ್ಟಕವನ್ನು ಹೊಸದಾಗಿ ಕಟ್ಟಿದೆ. ಬಾಕಿ ಕೇಳಿದ ಕ್ಷಣದಲ್ಲಿ ಆ ಸಾಲುಗಳಿಂದಲೇ ಲೆಕ್ಕವಾಗಿ ಬರುತ್ತಿತ್ತು. ಆ ಯೋಜನೆಗೆ 74 ಅಂಕ ಬಂತು. ಅಂಕಕ್ಕಿಂತಲೂ, ಅಪ್ಪನ ಕೈಬರಹದಲ್ಲಿದ್ದ ತರ್ಕವನ್ನು ನಾನು ಅಷ್ಟು ವರ್ಷ ಬರೀ ಹಳೆಯ ಪದ್ಧತಿ ಎಂದುಕೊಂಡಿದ್ದೆನಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಅಲ್ಲಿ ಉಳಿದು ಎರಡು ವರ್ಷ ಕೆಲಸ ಮಾಡಲು ಅವಕಾಶವಿದ್ದರೂ 2024ರಲ್ಲಿ ನಾನು ಬೆಂಗಳೂರಿಗೆ ಮರಳಿದೆ. ಈಗ ಅಂಗಡಿಯ ಉದ್ರಿ ಲೆಕ್ಕ ನಾನು ಬರೆದ ತಂತ್ರಾಂಶದಲ್ಲಿದೆ, ಅಪ್ಪ ಕೆಂಪು ರಟ್ಟಿನ ಪುಸ್ತಕದಲ್ಲಿಯೂ ಬರೆಯುತ್ತಾರೆ. ರಾತ್ರಿ ಎರಡನ್ನೂ ತಾಳೆ ನೋಡುತ್ತೇವೆ. ಕಳೆದ ತಿಂಗಳು 350 ರೂಪಾಯಿ ವ್ಯತ್ಯಾಸ ಬಂದಿತ್ತು. ಗಿರಾಕಿ ವಾಪಸು ಕೊಟ್ಟಿದ್ದ ಫಾಲ್ ಮತ್ತು ಬ್ಲೌಸ್ ಪೀಸನ್ನು ನಾನು ದಾಖಲಿಸಿರಲಿಲ್ಲ. ಅಪ್ಪ ತಾರೀಖು ಹೇಳಿದರು, ನಾನು ಕೆಳಗೆ ಇನ್ನೊಂದು ಸಾಲು ಸೇರಿಸಿದೆ.