ಎಲ್‌4ರಲ್ಲಿ ಕಲ್ಲು ಉಳಿಯುತ್ತದೆಯೇ? ಕೈಲೆಕ್ಕದಲ್ಲೇ ನೋಡಿ

ಎರಡು ದೊಡ್ಡ ಕಾಯಗಳು ವೃತ್ತದಲ್ಲಿ ಸುತ್ತುತ್ತಿವೆ. ಮೂರನೆಯದು ಪುಟ್ಟ ಕಲ್ಲು, ಅದರ ತೂಕ ಲೆಕ್ಕಕ್ಕಿಲ್ಲ. ಜೋಡಿಯ ಜೊತೆಗೇ ಸುತ್ತುತ್ತಾ ಕಲ್ಲು ನೆಲೆಸಬಹುದಾದ ಜಾಗ (ಲಗ್ರಾಂಜ್ ಬಿಂದು) ಐದು: ಎಲ್‌1ರಿಂದ ಎಲ್‌5. ಅಲ್ಲಿ ಅದನ್ನು ಚೂರು ತಳ್ಳಿದರೆ ಏನಾಗುತ್ತದೆ?

ಎಲ್‌1, 2, 3 ಯಾವ ಜೋಡಿಯಲ್ಲೂ ಅಸ್ಥಿರ. ಅವಕ್ಕೆ ಲೆಕ್ಕ ಹಾಕುವುದೇ ದಂಡ. 2024ರ ಜನವರಿ 6ರಂದು ಸೂರ್ಯ–ಭೂಮಿ ಜೋಡಿಯ ಎಲ್‌1 ಸುತ್ತಿನ ಕಕ್ಷೆ ಸೇರಿದ ನಮ್ಮ ಆದಿತ್ಯ ನೌಕೆ ಕೂಡ ಆಗಾಗ ಇಂಜಿನ್ ಉರಿಸಿಕೊಂಡೇ ಅಲ್ಲಿರಬೇಕು.

ಎಲ್‌4, ಎಲ್‌5ಕ್ಕೆ ಮೊದಲು ಮ್ಯೂ ಬೇಕು. ಚಿಕ್ಕ ಕಾಯದ ರಾಶಿಯನ್ನು ಒಟ್ಟು ರಾಶಿಯಿಂದ ಭಾಗಿಸಿ. ಭೂಮಿ–ಚಂದ್ರ ಜೋಡಿಗೆ 0.01215.

ಎಡವುವುದು ಇಲ್ಲಿಂದ ಮುಂದೆ. ಹುಡುಗರು ಕಂಪ್ಯೂಟರಿನಲ್ಲಿ ವಿಭವದ (ಗುರುತ್ವ, ಸುತ್ತಾಟ ಎರಡೂ ಸೇರಿದ ಶಕ್ತಿಯ ಏರಿಳಿತದ) ಚಿತ್ರ ಬಿಡಿಸುತ್ತಾರೆ, ಎಲ್‌4 ಗುಡ್ಡದ ನೆತ್ತಿಯಂತೆ ಕಾಣುತ್ತದೆ, ‘ಅಸ್ಥಿರ’ ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ನೆತ್ತಿ ಹೌದು. ಆದರೆ ಗುಡ್ಡವೇ ತಿರುಗುತ್ತಿದೆಯಲ್ವಾ? ಉರುಳತೊಡಗಿದ ಕಲ್ಲನ್ನು ಕೊರಿಯೋಲಿಸ್ ಬಲ ಪಕ್ಕಕ್ಕೆ ತಿರುಗಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ಬಲವೂ ಜಾಸ್ತಿ. ಕಲ್ಲು ಕೆಳಗಿಳಿಯದೆ ನೆತ್ತಿಯನ್ನೇ ಸುತ್ತುತ್ತದೆ. (ಎಲ್‌4 ಅನ್ನು ಗುಂಡಿಯಂತೆ ತೋರಿಸುವ ಚಿತ್ರ ಸಿಕ್ಕರೆ ಹರಿದುಹಾಕಿ.)

ಹಾಗಾಗಿ ಚಿತ್ರ ಬಿಟ್ಟು ಸಮೀಕರಣ ಹಿಡಿಯಿರಿ (ತಳ್ಳಿದ ಕಲ್ಲು ದೂರ ಸರಿಯುತ್ತದೋ, ತೂಗಾಡುತ್ತದೋ ಎಂದು ಹೇಳುವ ಅಂಕಿಯೇ ಲ್ಯಾಮ್ಡಾ): ಲ್ಯಾಮ್ಡಾದ ನಾಲ್ಕನೇ ಘಾತ + ಲ್ಯಾಮ್ಡಾದ ವರ್ಗ + 6.75 × ಮ್ಯೂ × (1 − ಮ್ಯೂ) = 0. ಲ್ಯಾಮ್ಡಾದ ವರ್ಗವನ್ನೇ ಒಂದು ಅಂಕಿ ಅಂದುಕೊಂಡರೆ ಇದು ಹೈಸ್ಕೂಲಿನ ವರ್ಗ ಸಮೀಕರಣ. ಭೂಮಿ–ಚಂದ್ರಕ್ಕೆ −0.089, −0.911 ಬರುತ್ತವೆ. ‘ಋಣ ಬಂತು, ಕಲ್ಲು ನಿಧಾನವಾಗಿ ನಿಲ್ಲುತ್ತದೆ’ ಅನ್ನಬೇಡಿ. ಬಂದಿರುವುದು ವರ್ಗ. ಮೂಲ ತೆಗೆದರೆ 0.298, 0.954, ಎರಡೂ ಕಾಲ್ಪನಿಕ (ಋಣ ಅಂಕಿಯ ವರ್ಗಮೂಲ). ಅಂದರೆ ಕಲ್ಲು ತೂಗಾಡುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಚಂದ್ರನ ಒಂದು ಸುತ್ತಿನ 27.3 ದಿನವನ್ನು ಇವುಗಳಿಂದ ಭಾಗಿಸಿ: ಒಂದು ತೂಗಾಟ ಸುಮಾರು 92 ದಿನದ್ದು, ಇನ್ನೊಂದು 28.6 ದಿನದ್ದು.

ಅವಸರವಿದ್ದರೆ ದೊಡ್ಡದರ ರಾಶಿ ಚಿಕ್ಕದರ 25 ಪಟ್ಟು ಇದೆಯಾ ನೋಡಿ, ಇದ್ದರೆ ಕಲ್ಲು ಉಳಿಯುತ್ತದೆ. ಸರಿಯಾದ ಗಡಿ 24.96, ಆದರೆ ಪರೀಕ್ಷೆಯಲ್ಲಿ ಈ ಅಡ್ಡದಾರಿಗೆ ನಾನಂತೂ ಅಂಕ ಕೊಡುವುದಿಲ್ಲ. ಸೂರ್ಯ ಗುರುವಿನ 1047 ಪಟ್ಟು. 1906ರಲ್ಲಿ ಮ್ಯಾಕ್ಸ್ ವೋಲ್ಫ್ ಕಂಡ ಅಕಿಲೀಸ್ ಕ್ಷುದ್ರಗ್ರಹ ಗುರುವಿನ ಎಲ್‌4 ಸುತ್ತ ಹಾಯಾಗಿದೆ. ಪ್ಲೂಟೊ ತನ್ನ ಉಪಗ್ರಹ ಶಾರನ್‌ಗಿಂತ ಬರೀ ಎಂಟು ಪಟ್ಟು. ಅಲ್ಲಿ ಎಲ್‌4ರಲ್ಲಿ ಕಲ್ಲಿಟ್ಟರೆ ತೂಗಾಟ ಪ್ರತಿ ಸುತ್ತಿಗೂ ಬೆಳೆದು, ಕಲ್ಲು ಕೈಬಿಟ್ಟು ಹೋಗುತ್ತದೆ.