ಎರಡೇ ಸೀಟಿನ ಕಾರು ಕೊಳ್ಳುವ ಮುಂಚೆ ಅಳೆದ ಹಂಪ್‌ಗಳು, ಎಣಿಸಿದ ಬೆಳಗುಗಳು

ನಮ್ಮ ಶೆಡ್ಡಿನ ಮೂಲೆಯಲ್ಲಿ ಒಂದು ಜಿಐ ಪೈಪಿದೆ. ಪಾಲಿಹೌಸ್ ಕಟ್ಟಿಸುವಾಗ ಉಳಿದದ್ದು. ಅದನ್ನು 2.47 ಮೀಟರ್ ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗೆ 11.4 ಸೆಂಟಿಮೀಟರ್ ಎತ್ತರದ ಕಾಲು ವೆಲ್ಡ್ ಮಾಡಿಸಿದ್ದೇನೆ. ಟಾಪ್ ತೆಗೆಯುವ ಸ್ಪೋರ್ಟ್ಸ್ ಕಾರನ್ನು ನಮ್ಮ ಕಡೆ ಓಡಿಸೋಕಾಗುತ್ತಾ ಅಂತ ಯಾರಾದರೂ ಕೇಳಿದರೆ ಮೊದಲು ತೋರಿಸುವುದು ಈ ಪೈಪನ್ನೇ.

ನಾನು ಚಿಕ್ಕಬಳ್ಳಾಪುರದವನು. ಊರಿಂದ ಸ್ವಲ್ಪ ಹೊರಗೆ ಗುಲಾಬಿ ಬೆಳೆಯುತ್ತೇವೆ, ಹೂವು ಹೆಬ್ಬಾಳದ ಹರಾಜು ಕೇಂದ್ರಕ್ಕೆ ಹೋಗುತ್ತದೆ. ವಯಸ್ಸು 49. ಮಗ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ, ಮಗಳು ಮೈಸೂರಲ್ಲಿ ಓದುತ್ತಿದ್ದಳು. ಮನೆ ಓಡಾಟಕ್ಕೆ ಇನ್ನೋವಾ ಇದೆ, ಹೂವಿಗೆ ಪಿಕಪ್ ಇದೆ. ಇದು ಪೂರ್ತಿ ಆಸೆಗೆ ಕೊಳ್ಳುವ ಕಾರು, ಇಪ್ಪತ್ತು ವರ್ಷದ ಆಸೆ. ಆಸೆಗೆ ಖರ್ಚು ಮಾಡುವಾಗ ಲೆಕ್ಕ ಇನ್ನೂ ಬಿಗಿಯಾಗಿರಬೇಕು ಅಂತ ನನಗೆ ಅನಿಸಿತ್ತು. ಅದಕ್ಕೆ 2023ರ ಜನವರಿಯಿಂದ 2024ರ ಮೇ ತನಕ, ಹತ್ತಿರ ಒಂದೂವರೆ ವರ್ಷ, ಬರೀ ತೂಗಿ ನೋಡುವುದರಲ್ಲೇ ಕಳೆದೆ.

ಕಣ್ಣ ಮುಂದೆ ಇದ್ದದ್ದು ಮುಖ್ಯವಾಗಿ ಎರಡು ಕಾರು. ಒಂದು ಬಿಎಂಡಬ್ಲ್ಯು ಝಡ್4 ಎಂ40ಐ. ಮುಂದೆ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 340 ಅಶ್ವಶಕ್ತಿ, ಮೇಲೆ ಬಟ್ಟೆಯ ಟಾಪ್. ಆಸ್ಟ್ರಿಯಾದ ಗ್ರಾಜ್‌ನಲ್ಲಿ ತಯಾರಾಗುತ್ತಿತ್ತು. ಇನ್ನೊಂದು ಪೋರ್ಷ 718 ಬಾಕ್ಸ್‌ಸ್ಟರ್. ಅದರ ಎಂಜಿನ್ ಸೀಟಿನ ಬೆನ್ನ ಹಿಂದೆ, ಡಿಕ್ಕಿ ಮುಂದೊಂದು ಹಿಂದೊಂದು. ತಿರುವಿನಲ್ಲಿ ಬಾಕ್ಸ್‌ಸ್ಟರ್ ಬಗ್ಗುವ ರೀತಿಗೆ ಸಾಟಿಯಿಲ್ಲ. ಅದನ್ನು ಓಡಿಸಿ ಇಳಿದಾಗ ನನಗೆ ಮಾತು ಹೊರಡಲಿಲ್ಲ. ಆದರೆ ಬೆಲೆ ಒಂದೂವರೆ ಕೋಟಿ ಹತ್ತಿರ. ಅಲ್ಲಿಗೆ ಅದು ನನ್ನ ಪಟ್ಟಿಯಿಂದ ಹೋಯಿತು. ಝಡ್4 ಹೊಸದಕ್ಕೆ ಶೋರೂಮ್ ಬೆಲೆ ಆಗ ಸುಮಾರು 90 ಲಕ್ಷ. 40,000 ಡಾಲರ್‌ಗಿಂತ ಜಾಸ್ತಿ ಬೆಲೆಯ ಕಾರು ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದರೆ ಆಗ ನೂರಕ್ಕೆ ನೂರು ಆಮದು ಸುಂಕ, ಅದರ ಮೇಲೆ ಜಿಎಸ್‌ಟಿ, ಸೆಸ್. ಕರ್ನಾಟಕದಲ್ಲಿ 20 ಲಕ್ಷ ಮೇಲಿನ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಅಂದರೆ 90 ಲಕ್ಷದ ಕಾರಿಗೆ ಆರ್‌ಟಿಒದಲ್ಲಿ ಕಟ್ಟುವುದೇ ಸುಮಾರು 18 ಲಕ್ಷ. ಹೊಸದು ಬೇಡ ಅಂತ ಆಗಲೇ ತೀರ್ಮಾನಿಸಿದೆ.

ಈಗ ಪೈಪಿಗೆ ಬರುತ್ತೇನೆ. ಝಡ್4ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,470 ಮಿಲಿಮೀಟರ್. ಹೊಟ್ಟೆಗೂ ನೆಲಕ್ಕೂ ನಡುವೆ 114 ಮಿಲಿಮೀಟರ್. 114 ಅಂತ ಕೇಳಿದ ತಕ್ಷಣ ನಮ್ಮೂರಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು, ಹಂಪ್‌ಗೆ ಹೊಡೆಯುತ್ತೆ ಬಿಡಿ. ರಸ್ತೆಗಳ ಅಳತೆ ನಿಗದಿ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅದರ ಅಳತೆಯ ಹಂಪ್ ಎತ್ತರ 10 ಸೆಂಟಿಮೀಟರ್, ಹಾಗಾಗಿ ಬರೀ ಒಂದೂವರೆ ಸೆಂಟಿಮೀಟರ್ ಉಳಿಯುತ್ತೆ ಅಂತ ನಾನೂ ಹೆದರಿದ್ದೆ. ರಜೆಗೆ ಬಂದಿದ್ದ ಮಗ ಕಾಗದ ತಗೊಂಡು ಕೂತ. ‘ಅಪ್ಪಾ, ಎತ್ತರ ಒಂದೇ ನೋಡಬೇಡಿ, ಅಗಲಾನೂ ನೋಡಿ’ ಅಂದ. ಆ ಅಳತೆಯ ಹಂಪ್ ಅಗಲ 3.7 ಮೀಟರ್, ಮೇಲ್ಭಾಗ 17 ಮೀಟರ್ ತ್ರಿಜ್ಯದ ಕಮಾನು. ಅಷ್ಟು ಅಗಲದ ಹಂಪ್ ಮೇಲೆ ಚಕ್ರಗಳೂ ಹತ್ತುತ್ತವೆ, ಅವುಗಳ ಜೊತೆ ಹೊಟ್ಟೆಯೂ ಮೇಲೇಳುತ್ತದೆ. ಎರಡು ಚಕ್ರದ ನಡುವೆ ಹಂಪ್ ಮೇಲಕ್ಕೆ ಉಬ್ಬುವುದು ಬರೀ ನಾಲ್ಕೂವರೆ ಸೆಂಟಿಮೀಟರ್. ಇಬ್ಬರು ಕೂತು ಕಾರು ಸ್ವಲ್ಪ ಕೆಳಗಿಳಿದರೂ ಆರಾಮಾಗಿ ದಾಟುತ್ತದೆ. ಚಕ್ರಗಳ ಅಂತರ ಜಾಸ್ತಿ ಇರುವ ಉದ್ದನೆಯ ಸೆಡಾನ್‌ಗಳಿಗೆ ಇಲ್ಲಿ ಕಷ್ಟ ಜಾಸ್ತಿ, ಎರಡು ಸೀಟಿನ ಗಿಡ್ಡ ಕಾರಿಗೆ ಅದೇ ಲಾಭ.

ತೊಂದರೆ ಇರುವುದು ಅಳತೆ ತಪ್ಪಿದ ಹಂಪ್‌ಗಳಲ್ಲಿ. ಎರಡು ಮೂರು ಅಡಿ ಅಗಲ, ಎತ್ತರ ಒಂದು ಗೇಣು, ರಾತ್ರೋರಾತ್ರಿ ಹಾಕಿದ ಕಾಂಕ್ರೀಟ್ ದಿಮ್ಮಿ. ಅಂಥ ಕಡೆ ನಾಲ್ಕೂ ಚಕ್ರ ಸಮತಟ್ಟು ರಸ್ತೆ ಮೇಲಿರುವಾಗ ಹಂಪ್ ಪೂರ್ತಿ ಹೊಟ್ಟೆಯ ಕೆಳಗೆ ಬಂದು ಕೂರುತ್ತದೆ.

ಅದಕ್ಕೇ ಪೈಪು. ಒಂದು ದಿನ ಬೆಳಿಗ್ಗೆ ಐದಕ್ಕೆ ನಾನು, ನಮ್ಮ ತೋಟದ ಮೇಸ್ತ್ರಿ ಪಿಕಪ್‌ನಲ್ಲಿ ಪೈಪು ಹಾಕಿಕೊಂಡು ಹೊರಟೆವು. ತೋಟದಿಂದ ಹೈವೇ ತನಕ, ಆಮೇಲೆ ಗೌರಿಬಿದನೂರು ರಸ್ತೆಯಲ್ಲಿ ಮಂಚೇನಹಳ್ಳಿ ತನಕ, ಇನ್ನೊಂದು ದಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ತನಕ. ಸಿಕ್ಕ ಪ್ರತಿ ಹಂಪ್ ಮೇಲೆ ಪೈಪನ್ನು ರಸ್ತೆಯ ಉದ್ದಕ್ಕೆ ಇಡುವುದು, ನಿಧಾನ ಮುಂದಕ್ಕೆ ಜರುಗಿಸುವುದು, ಎಲ್ಲಾದರೂ ಪೈಪಿನ ಹೊಟ್ಟೆ ತಾಗುತ್ತಾ ನೋಡುವುದು. ಒಟ್ಟು 31 ಹಂಪ್ ಸಿಕ್ಕವು. ತಾಗಿದ್ದು 4. ಅದರಲ್ಲಿ ಮೂರನ್ನು ಬೇರೆ ಬೀದಿ ಹಿಡಿದು ತಪ್ಪಿಸಬಹುದು. ನಾಲ್ಕನೆಯದು ಒಂದು ಶಾಲೆಯ ಮುಂದೆ ಇದೆ. ಅದು ಅಲ್ಲೇ ಇರಬೇಕು, ಅದರ ಬಗ್ಗೆ ನಾನು ಯಾರಿಗೂ ಒಂದು ಮಾತೂ ಹೇಳಿಲ್ಲ. ಮೂರು ಕಿಲೋಮೀಟರ್ ಸುತ್ತಿ ಹೋಗುತ್ತೇನೆ. ಶೋರೂಮಿನಲ್ಲಿ ಕೂತು ಯೋಚಿಸಿದ್ದರೆ ನನಗೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ.

ಟಾಪ್ ಬಟ್ಟೆಯದಾ, ಮಡಚುವ ಲೋಹದ್ದಾ ಅನ್ನುವುದು ಮುಂದಿನ ಪ್ರಶ್ನೆ. ನನ್ನ ಮನಸ್ಸು ಮೊದಲು ಲೋಹದ ಕಡೆಗೇ ಇತ್ತು. ಹಳೆಯ ಝಡ್4ಗಳಲ್ಲಿ, ಮರ್ಸಿಡಿಸ್ ಎಸ್‌ಎಲ್‌ಕೆಯಲ್ಲಿ ಇರುವಂಥದ್ದು. ಕಾರಣ ಎರಡು. ನಂದಿ ಬೆಟ್ಟದ ಕೋತಿಗಳು, ಮತ್ತು ಜಲ್ಲಿ ಕ್ರಷರ್ ಧೂಳು. ಬೆಟ್ಟದ ಮೇಲೆ ಬಟ್ಟೆ ಟಾಪಿನ ಕಾರು ನಿಲ್ಲಿಸಿ ತಿಂಡಿಗೆ ಹೋದರೆ ವಾಪಸ್ ಬರುವಷ್ಟರಲ್ಲಿ ಏನಾಗಿರುತ್ತೆ ಅಂತ ಹೇಳೋಕಾಗಲ್ಲ. ಹಳೆಯ ಲೋಹದ ಟಾಪಿನ ಒಂದು ಕಾರನ್ನು ನೋಡಲು ಬೆಂಗಳೂರಿಗೆ ಹೋಗಿದ್ದೆ. ಮೂರು ಸಲ ಚೆನ್ನಾಗಿ ತೆರೆದು ಮುಚ್ಚಿತು. ನಾಲ್ಕನೇ ಸಲ ಅರ್ಧದಲ್ಲಿ ನಿಂತಿತು, ಡಿಕ್ಕಿ ಬಾಯಿ ತೆರೆದುಕೊಂಡು ಟಾಪ್ ಆಕಾಶ ನೋಡುತ್ತಾ. ಹೈಡ್ರಾಲಿಕ್ ಸಿಲಿಂಡರು, ಪಂಪು, ಹತ್ತಾರು ಸೆನ್ಸರು ಎಲ್ಲಾ ಒಟ್ಟಿಗೆ ಕೆಲಸ ಮಾಡಬೇಕಾದ ವ್ಯವಸ್ಥೆ ಅದು, ವಯಸ್ಸಾದರೆ ರಿಪೇರಿ ದುಬಾರಿ. ಜೊತೆಗೆ ಟಾಪ್ ಮಡಚಿದರೆ ಡಿಕ್ಕಿಯ ಸಾಕಷ್ಟು ಜಾಗವನ್ನು ಅದೇ ನುಂಗುತ್ತದೆ. ನಾನು ನೋಡುತ್ತಿದ್ದ ಝಡ್4ನ ಬಟ್ಟೆ ಟಾಪ್ ಹಗುರ, ತೆರೆದರೂ ಮುಚ್ಚಿದರೂ ಡಿಕ್ಕಿ ಅದೇ 281 ಲೀಟರ್. ಹತ್ತು ಸೆಕೆಂಡಿನಲ್ಲಿ ತೆರೆಯುತ್ತದೆ, ಗಂಟೆಗೆ 50 ಕಿಲೋಮೀಟರ್ ವೇಗದ ತನಕ ಓಡುತ್ತಲೇ ತೆರೆಯಬಹುದು, ಮುಚ್ಚಬಹುದು. ಕೋತಿಗೆ ಪರಿಹಾರ ಸುಲಭ, ಬೆಟ್ಟದ ಮೇಲೆ ಈ ಕಾರನ್ನು ತಗೊಂಡು ಹೋಗದಿದ್ದರಾಯಿತು. ಹೇಗೂ ಶನಿವಾರ ಭಾನುವಾರ ಆ ಕಡೆಯ ಟ್ರಾಫಿಕ್‌ನಲ್ಲಿ ಯಾವ ಕಾರಾದರೂ ಒಂದೇ.

ಇಷ್ಟೆಲ್ಲಾ ಆದರೂ ನನ್ನನ್ನು ನಿಜವಾಗಿ ಕಾಡಿದ್ದು ಬೇರೆ ಪ್ರಶ್ನೆ. ಟಾಪ್ ತೆಗೆದು ಓಡಿಸೋಕೆ ಅಂತ ತಗೊಳ್ಳುವ ಕಾರು. ನಮ್ಮೂರಲ್ಲಿ ಟಾಪ್ ತೆಗೆಯುವ ಹೊತ್ತು ಎಷ್ಟಿದೆ? ಮಾರ್ಚ್‌ನಿಂದ ಮೇ ತನಕ ಎಂಟೂವರೆ ಆದರೆ ಬಿಸಿಲು ನೆತ್ತಿ ಸುಡುತ್ತದೆ. ಸಂಜೆ ಟಿಪ್ಪರ್‌ಗಳ ಧೂಳು. ಮಳೆಗಾಲದಲ್ಲಿ ನಮ್ಮ ಕಡೆ ಮಳೆ ಜಾಸ್ತಿ ಬರುವುದು ಸಂಜೆ, ರಾತ್ರಿ, ಹಾಗಾಗಿ ಬೆಳಿಗ್ಗೆ ಪರವಾಗಿಲ್ಲ. ಕೊನೆಗೆ ಉಳಿಯುವುದು ಬೆಳಿಗ್ಗೆ ಐದೂವರೆಯಿಂದ ಎಂಟು. ಆದರೆ ಗುಲಾಬಿ ಕೊಯ್ಯುವುದೂ ಅದೇ ಹೊತ್ತಿಗೆ! ಚಳಿಗಾಲದ ಬೆಳಗು ಇಂಥ ಕಾರಿಗೆ ಚಿನ್ನದಂಥ ಹೊತ್ತು, ಆದರೆ ಜನವರಿ ಕೊನೆಯಿಂದ ಫೆಬ್ರವರಿ 14ರ ತನಕ ಹೂವಿನವರಿಗೆ ಉಸಿರಾಡೋಕೂ ಪುರುಸೊತ್ತಿಲ್ಲ.

ಹಾಗಾಗಿ ಹೂವಿನ ಲೆಕ್ಕ ಬರೆಯುವ ಡೈರಿಯಲ್ಲೇ ಒಂದು ಟಿಕ್ ಹಾಕಲು ಶುರು ಮಾಡಿದೆ. ಮಳೆ ಇಲ್ಲ, ತೋಟದಲ್ಲಿ ನಾನಿಲ್ಲದೆ ನಡೆಯುತ್ತದೆ, ಮನೆಯಲ್ಲಿ ತುರ್ತಿಲ್ಲ, ಮೈ ಚೆನ್ನಾಗಿದೆ. ಈ ನಾಲ್ಕೂ ಸರಿಯಿದ್ದ ಬೆಳಿಗ್ಗೆಗೆ ಮಾತ್ರ ಟಿಕ್. ಮೋಸ ಮಾಡಿಕೊಳ್ಳದೆ ಇಡೀ 2023 ಬರೆದೆ. ಡಿಸೆಂಬರ್ ಕೊನೆಗೆ ಎಣಿಸಿದರೆ 43.

43 ನೋಡಿ ನಿಜವಾಗಿ ಬೇಜಾರಾಯಿತು. ವರ್ಷದಲ್ಲಿ 365 ಬೆಳಗು, ನನ್ನ ಪಾಲಿಗೆ 43 ಅಷ್ಟೇ.

ದುಡ್ಡಿನ ಲೆಕ್ಕ ಹೀಗಿತ್ತು. ಬಳಸಿದ ಕಾರು ಸುಮಾರು 58 ಲಕ್ಷ. ಐದು ವರ್ಷ ಇಟ್ಟುಕೊಂಡು ಮಾರಿದರೆ 36 ಸಿಗಬಹುದು ಅಂತ ನನ್ನ ಅಂದಾಜು. ವರ್ಷಕ್ಕೆ 4.4 ಲಕ್ಷ ಅಲ್ಲೇ ಹೋಯಿತು. ಇನ್ಶೂರೆನ್ಸ್ 1.2 ಲಕ್ಷ, ಸರ್ವಿಸ್, ಟೈರು, ಪೆಟ್ರೋಲು ಸೇರಿ 1.4. ಒಟ್ಟು ವರ್ಷಕ್ಕೆ 7 ಲಕ್ಷ. 43ರಿಂದ ಭಾಗಿಸಿದರೆ ಒಂದು ಬೆಳಿಗ್ಗೆಗೆ 16,000 ರೂಪಾಯಿ ಮೇಲೆ. ಈ ಚೀಟಿಯನ್ನು ಹೆಂಡತಿಯ ಮುಂದೆ ಇಟ್ಟೆ. ಅವಳು ದುಡ್ಡಿನ ಸಾಲು ಬಿಟ್ಟು 43ರ ಮೇಲೆ ಬೆರಳಿಟ್ಟಳು. ‘ರೀ, ಕಾರಿಗೆ ಬೇಡ, ನಿಮಗೆ ಅಂತ ಹೇಳ್ತೀನಿ. ಮಂಗಳವಾರ, ಶುಕ್ರವಾರ ಕೊಯ್ಲನ್ನ ಮೇಸ್ತ್ರಿಗೆ ಬಿಡಿ. ಹನ್ನೆರಡು ವರ್ಷದಿಂದ ಇದ್ದಾರೆ, ಅವರಿಗೆ ಬರಲ್ವಾ?’ ಅಂದಳು. ಬರುತ್ತೆ. ನನಗೇ ಬಿಟ್ಟುಕೊಡಲು ಬರುತ್ತಿರಲಿಲ್ಲ.

2024ರ ಜನವರಿಯಿಂದ ಹಾಗೇ ಮಾಡಿದೆವು. ಮೇಸ್ತ್ರಿಗೆ ಸಂಬಳ ಜಾಸ್ತಿ ಮಾಡಿದೆ, ಅದೂ ಈ ಲೆಕ್ಕದಲ್ಲಿ ಸೇರಬೇಕಾದ ಖರ್ಚೇ. ನಾಲ್ಕು ತಿಂಗಳಲ್ಲಿ 24 ಟಿಕ್ ಬಿದ್ದವು, ಅದೂ ಫೆಬ್ರವರಿಯ ಗದ್ದಲ ಸೇರಿಸಿ. ವರ್ಷಕ್ಕೆ 70 ಆಗುತ್ತೆ, ಬೆಳಿಗ್ಗೆಗೆ 10,000 ಬೀಳುತ್ತೆ. ಇದು ಜಾಸ್ತಿಯಾ? ಜಾಸ್ತಿನೇ. ಸಾಲ ಮಾಡದೆ ಕೊಡೋಕಾಗುತ್ತೆ, ಮಕ್ಕಳ ಓದಿನ ದುಡ್ಡು ಬೇರೆ ಇದೆ, ಹೆಂಡತಿಗೂ ಒಪ್ಪಿಗೆ. ಮುಂದುವರಿದೆ.

ಬಳಸಿದ ಕಾರು ಹುಡುಕುವಾಗ ಕೆಎ ನೋಂದಣಿ ಬಿಟ್ಟು ಬೇರೆ ನೋಡಲಿಲ್ಲ. ಬೇರೆ ರಾಜ್ಯದ ಕಾರು ಕೆಲವು ಲಕ್ಷ ಕಮ್ಮಿಗೆ ಸಿಗುತ್ತಿತ್ತು, ಆದರೆ ಎನ್‌ಒಸಿ ತಂದು ಇಲ್ಲಿ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಉಳಿತಾಯ ಅಲ್ಲೇ ಮುಗಿಯುತ್ತದೆ.

ಕೊನೆಗೆ ಸಿಕ್ಕ 2020ರ ಝಡ್4 ಅನ್ನು ಮೂರು ದಿನ ಹೋಗಿ ನೋಡಿದೆ. ಟಾಪನ್ನು ಎಂಜಿನ್ ತಣ್ಣಗಿದ್ದಾಗ ಐದು ಸಲ, ಬಿಸಿಲಲ್ಲಿ ನಿಲ್ಲಿಸಿ ಐದು ಸಲ ತೆರೆದು ಮುಚ್ಚಿದೆ. ಟಾಪ್ ಮುಚ್ಚಿ ಇಪ್ಪತ್ತು ನಿಮಿಷ ಪೈಪಲ್ಲಿ ನೀರು ಬಿಡಿಸಿದೆ. ಮಾರುವವರಿಗೆ ಇಷ್ಟವಾಗಲಿಲ್ಲ, ಆದರೂ ಬಿಡಿಸಿದೆ. ಬಟ್ಟೆ ಟಾಪಿನ ಬುಡದಲ್ಲಿ ನೀರು ಹರಿದುಹೋಗಲು ಸಣ್ಣ ಕೊಳವೆಗಳಿರುತ್ತವೆ. ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೇ ಇಳಿಯುತ್ತದೆ. ಸೀಟಿನ ಹಿಂದೆ ಕಾರ್ಪೆಟ್ ಕೆಳಗೆ ಕೈ ಹಾಕಿ ಒದ್ದೆ ಇದೆಯಾ ನೋಡಬೇಕು, ಮೂಗಿಟ್ಟು ಮುಗ್ಗಲು ವಾಸನೆ ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಾರು ಕಮ್ಮಿ ಓಡಿದ್ದರೆ ಟೈರಿನ ಗೀರು (ಟ್ರೆಡ್) ಚೆನ್ನಾಗಿ ಕಾಣುತ್ತದೆ, ಆದರೆ ರಬ್ಬರು ಗಟ್ಟಿಯಾಗಿರುತ್ತದೆ. ಈ ಕಾರಿನದು ಹಾಗೇ ಇತ್ತು. ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಸಿದೆ. ಮುಂದಿನ ಟೈರು 255, ಹಿಂದಿನದು 275 ಅಗಲ, ಹಾಗಾಗಿ ಹಿಂದೆ ಮುಂದೆ ಬದಲಾಯಿಸಿ ಹಾಕೋಕಾಗಲ್ಲ. ಸ್ಟೆಪ್ನಿ ಇಲ್ಲ. ಪಂಕ್ಚರ್ ಆದರೆ ಅಂಟು ದ್ರಾವಣ, ಗಾಳಿ ತುಂಬುವ ಪಂಪು ಅಷ್ಟೇ. ಜಲ್ಲಿ ಚೆಲ್ಲಿರುವ ನಮ್ಮ ರಸ್ತೆಗಳಲ್ಲಿ ಇದನ್ನು ನೆನಪಿಟ್ಟುಕೊಂಡೇ ಹೊರಡುತ್ತೇನೆ, ಫೋನಲ್ಲಿ ಟೋಯಿಂಗ್ ನಂಬರ್ ಇದೆ.

ಇನ್ನೊಂದು ಸಣ್ಣ ಪರೀಕ್ಷೆ. ಹೆಂಡತಿ ಸೀರೆ ಉಟ್ಟು ಹತ್ತು ಸಲ ಹತ್ತಿ ಇಳಿದು ನೋಡಿದಳು. ಸೀಟು ನೆಲಕ್ಕೆ ಅಂಟಿದಂತಿರುತ್ತದೆ. ಟಾಪ್ ಮುಚ್ಚಿದ್ದಾಗ ತಲೆ ಬಗ್ಗಿಸಬೇಕು, ತೆರೆದಿದ್ದಾಗ ಸುಲಭ. ‘ಮದುವೆ ಮನೆಗೆ ಇನ್ನೋವಾ, ಬೆಳಿಗ್ಗೆಗೆ ಇದು’ ಅಂದಳು.

2024ರ ಜೂನ್ ಮೊದಲ ವಾರ ಕಾರು ಮನೆಗೆ ಬಂತು. ಮೊದಲ ಮಂಗಳವಾರ ಐದೂಮುಕ್ಕಾಲಿಗೆ ಮಂಚೇನಹಳ್ಳಿ ಕಡೆ ಹೊರಟೆವು. ಊರು ದಾಟಿದ ಮೇಲೆ ನೀಲಗಿರಿ ತೋಪಿನ ವಾಸನೆ, ಆಮೇಲೆ ಒದ್ದೆ ಮಣ್ಣು, ಒಂದು ತಿರುವಿನಲ್ಲಿ ಯಾರದೋ ಹೊಲಕ್ಕೆ ಹಾಕಿದ್ದ ಕೋಳಿ ಗೊಬ್ಬರ. ಇದೇ ರಸ್ತೆಯಲ್ಲಿ ಇಪ್ಪತ್ತೈದು ವರ್ಷದಿಂದ ಓಡಾಡಿದ್ದೇನೆ. ಈ ವಾಸನೆಗಳು ಒಂದಾದ ಮೇಲೊಂದು ಹೀಗೆ ಸಾಲಾಗಿ ಬರುತ್ತವೆ ಅಂತ ಗೊತ್ತೇ ಇರಲಿಲ್ಲ. 340 ಅಶ್ವಶಕ್ತಿಯಲ್ಲಿ ಅರ್ಧ ಕೂಡ ಬೇಕಾಗಲಿಲ್ಲ. ಎಂಬತ್ತರ ತನಕ ಕೂಗದೆ ಮಾತಾಡಬಹುದು, ಅದರ ಮೇಲೆ ಗಾಳಿಯದ್ದೇ ಮಾತು.

ವಾಪಸ್ ಬರುವಾಗ ಮುಂದೆ ಒಂದು ಜಲ್ಲಿ ಟಿಪ್ಪರ್ ಬಂತು. ವೇಗ ಇಳಿಸಿ ಬಟನ್ ಒತ್ತಿದೆ. ನಿಲ್ಲಿಸಲಿಲ್ಲ. ಟಾಪ್ ತಲೆಯ ಮೇಲೆ ಬಂದು ಕೂರುವಷ್ಟರಲ್ಲಿ ಸ್ವಲ್ಪ ಧೂಳು ಒಳಗೆ ಬಂದೇ ಬಂತು. ಹೆಂಡತಿ ಸೆರಗಲ್ಲಿ ಡ್ಯಾಶ್‌ಬೋರ್ಡ್ ಒರೆಸಿದಳು, ಟಿಪ್ಪರ್ ಪಕ್ಕದ ರಸ್ತೆಗೆ ತಿರುಗಿದ್ದೇ ‘ರೀ, ಮತ್ತೆ ತೆಗೀರಿ’ ಅಂದಳು.

ಡಿಸೆಂಬರ್ ಕೊನೆಗೆ ಡೈರಿ ಎಣಿಸಿದೆ. ಏಳು ತಿಂಗಳಿಗೆ 41 ಟಿಕ್. ಅದರಲ್ಲಿ 33ರ ಪಕ್ಕ ಅವಳ ಹೆಸರಿನ ಮೊದಲ ಅಕ್ಷರ ಇದೆ.